ಹಾಡುವ ಸೈರನ್ – ಏಳನೆಯ ಕಂತು: ಮುಚ್ಚಿಕೊಳ್ಳದ ಗಾಂಧಾರ

"ಕೆಳಗೆ ನೋಡ್ಬೇಡಿ ಸರೋಜಮ್ಮ! ಕಣ್ಣು ಗೋಡೆ ಮೇಲಿರ್ಲಿ. ಕೈ ಬಿಡ್ಬೇಡಿ!"

ವಕೀಲ ಶಂಕರನಾರಾಯಣರ ದನಿ ಇಟ್ಟಿಗೆ ಗೋಪುರದ ಒಳಗೋಡೆಗೆ ಬಡಿದು, ನಾಲ್ಕಾರು ಜನ ಒಟ್ಟಿಗೆ ಕೂಗಿದಂತೆ ಮೇಲಕ್ಕೆ ಬಂತು. ಸರೋಜ ಕಬ್ಬಿಣದ ಏಣಿಯ ನಡುಮಧ್ಯೆ ನಿಂತುಬಿಟ್ಟಿದ್ದಳು. ಅಂಗೈ ಬೆವರಿ ಹಿಡಿದ ಕಂಬಿ ಜಾರುತ್ತಿತ್ತು. ಮನೆಯ ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಬೇಕಾದರೂ ಅಣ್ಣನನ್ನೇ ಕೂಗುತ್ತಿದ್ದವಳು ಅವಳು.

ಈಗ ಆ ಅಣ್ಣನಿಲ್ಲ. ಕಳೆದ ಶನಿವಾರ ಮಧ್ಯಾಹ್ನ ಗಣೇಶಮೂರ್ತಿ ಇದೇ ಗೋಪುರದ ತುದಿಯಿಂದ ಬಿದ್ದು ಸತ್ತಿದ್ದ. ಕಾಲು ಜಾರಿದ್ದು ಎಂದು ಪೊಲೀಸರು ಬರೆದುಕೊಂಡು ಹೋದರು. ಸರೋಜ ನಂಬಲಿಲ್ಲ.

ಅವಳು ಉಸಿರು ಬಿಗಿಹಿಡಿದು ಉಳಿದ ಮೆಟ್ಟಿಲುಗಳನ್ನು ಹತ್ತಿದಳು. ತುದಿಯ ಕಟ್ಟೆಗೆ ಕಾಲಿಟ್ಟಾಗ ಜನವರಿಯ ಒಣಗಾಳಿ ಮುಖಕ್ಕೆ ರಾಚಿತು. ಸುತ್ತಲೂ ಸೊಂಟದೆತ್ತರದ ಕಬ್ಬಿಣದ ಕಟಾಂಜನ. ಅದರಾಚೆಗೆ ಸಾಗರ ಪೇಟೆಯ ಹೆಂಚಿನ ಮಾಡುಗಳು, ರೈಲ್ವೆ ಗೇಟು, ಗೇಟಿನ ಮುಂದೆ ಕಡ್ಡಿಗಳಂತೆ ಕಾಣುವ ಸೈಕಲ್ಲುಗಳು. ಅವಳು ತಟ್ಟನೆ ಮುಖ ತಿರುಗಿಸಿ ಯಂತ್ರದ ಕಡೆ ನೋಡಿದಳು.

ಅಣ್ಣನ ಸೈರನ್ನನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಯಾವುದೋ ಕಾಲದಲ್ಲಿ ಯಾವುದೋ ಬಂದರಿನಲ್ಲಿ ದುಡಿದು, ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಯಂತ್ರ ಅದು. ಗಣೇಶಮೂರ್ತಿ ಮತ್ತು ಅವನ ಗೆಳೆಯರು ಅದನ್ನು ಲಾರಿಯಲ್ಲಿ ಘಟ್ಟ ಹತ್ತಿಸಿ ತಂದು, ಚಂದ್ರಯ್ಯನವರ ಮುಚ್ಚಿಹೋದ ಮರದ ಮಿಲ್ಲಿನ ಈ ಗೋಪುರದ ಮೇಲೆ ಕೂರಿಸಿದ್ದರು. ಒಂದೇ ಸರಳಿಗೆ ಪೋಣಿಸಿದ ಎಂಟು ಉರುಳೆಗಳು. ಪ್ರತಿ ಉರುಳೆಯಲ್ಲೂ ಸೀಳುಗಳು. ಸೀಳುಗಳ ಲೆಕ್ಕ ಬೇರೆಯಾದ್ದರಿಂದ ಒಂದೊಂದರ ಸ್ವರವೂ ಬೇರೆ. ಉರುಳೆಗೊಂದು ಮುಚ್ಚಳ, ಮುಚ್ಚಳಕ್ಕೊಂದು ಮರದ ಕೀಲಿ. ಕೀಲಿ ಒತ್ತಿದರೆ ಮುಚ್ಚಳ ತೆರೆದು ಆ ಸ್ವರ ಊರಿನ ಮೇಲೆ ಹರಿಯುತ್ತದೆ. ಬಿಟ್ಟರೆ ಸ್ಪ್ರಿಂಗ್ ಎಳೆದು ಮುಚ್ಚಿಕೊಳ್ಳುತ್ತದೆ.

"ಊರಲ್ಲಿರೋ ಸೈರನ್ನೆಲ್ಲ ಅಳ್ತಾವೆ ಸರೋಜ, ಇದೊಂದು ಹಾಡ್ತದೆ ನೋಡು," ಎನ್ನುತ್ತಿದ್ದ ಅಣ್ಣ.

ಎರಡನೇ ಶನಿವಾರ ಬಂತೆಂದರೆ ತೀರ್ಥಹಳ್ಳಿಯಿಂದ, ಹೊಸನಗರದಿಂದ ಸೈರನ್ ಹುಚ್ಚಿನವರು ಬಸ್ಸು ಹತ್ತಿ ಬರುತ್ತಿದ್ದರು. ಮಿಲ್ಲಿನ ಅಂಗಳದ ದಿಮ್ಮಿಗಳ ಮೇಲೆ ಬುತ್ತಿ ಬಿಚ್ಚಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಂಜಿದ್ದ ದಿನ ಷಡ್ಜ ದುಂಡಗೆ ಕೇಳುತ್ತದೋ ಬಿಸಿಲಿದ್ದ ದಿನವೋ ಎಂದು ಆಮೇಲೆ ಜಗಳವನ್ನೇ ಆಡುತ್ತಿದ್ದರು. ಗಾಳಿ ಅತ್ತ ಬೀಸಿದರೆ ಇಕ್ಕೇರಿಯವರಿಗೂ ಕೇಳುತ್ತಿತ್ತಂತೆ. ಅಣ್ಣ ಬಾರಿಸುತ್ತಿದ್ದುದು ಮೋಹನ ರಾಗದಲ್ಲಿ ತಾನೇ ಕಟ್ಟಿದ ಒಂದು ಪುಟ್ಟ ಪಲ್ಲವಿ.

ಸರೋಜ ಚೀಲದೊಳಗೆ ಕೈ ಹಾಕಿ ಮುಟ್ಟಿ ನೋಡಿದಳು. ಬಟ್ಟೆಯಲ್ಲಿ ಸುತ್ತಿದ ಸ್ಪ್ರಿಂಗ್ ಅಲ್ಲೇ ಇತ್ತು. ಸಾಯುವ ಹಿಂದಿನ ಸಂಜೆ ಅಣ್ಣ ಅದನ್ನು ಮನೆಗೆ ತಂದು, "ಗಾಂಧಾರದ್ದು ಹೋಯ್ತು, ಹೊಸದು ಮಾಡಿಸ್ಬೇಕು," ಎಂದು ಮೇಜಿನ ಮೇಲಿಟ್ಟಿದ್ದ. ಮರುದಿನ ಅದು ಮೇಜಿನ ಮೇಲೇ ಇತ್ತು. ಅಣ್ಣ ವಾಪಸು ಬರಲಿಲ್ಲ.

"ಹಾಕ್ಲಾ?" ಕೆಳಗಿನಿಂದ ವಕೀಲರು ಕೂಗಿದರು. ಮೋಟಾರಿನ ಸ್ವಿಚ್ಚು ಗೋಪುರದ ಬುಡದಲ್ಲಿ, ಹೊರಗೋಡೆಯ ಮೇಲಿತ್ತು.

"ಹಾಕಿ!"

ಮೊದಲು ಕಟ್ಟೆ ನಡುಗಿತು. ಆಮೇಲೆ ಸರಳು ತಿರುಗತೊಡಗಿ, ಎಲ್ಲೋ ಆಳದಲ್ಲಿ ಪ್ರಾಣಿಯೊಂದು ನರಳಿದಂತೆ ಶುರುವಾದ ಸದ್ದು ಮೇಲೇರುತ್ತ ಏರುತ್ತ ಒಂದು ಸ್ವರಕ್ಕೆ ಬಂದು ನಿಂತಿತು.

ಅವಳಿನ್ನೂ ಯಾವ ಕೀಲಿಯನ್ನೂ ಮುಟ್ಟಿರಲಿಲ್ಲ.

ಗಾಂಧಾರದ ಮುಚ್ಚಳ ಸ್ಪ್ರಿಂಗಿಲ್ಲದೆ ಬಾಯಿ ತೆರೆದು ಜೋತುಬಿದ್ದಿತ್ತು. ಆ ಒಂದು ಸ್ವರ ಬಿಡುವಿಲ್ಲದೆ ಹೊರಬರುತ್ತಿತ್ತು. ಸರೋಜ ಹಲ್ಲು ಕಚ್ಚಿ ಕೀಲಿಗಳ ಮೇಲೆ ಬೆರಳಿಟ್ಟು, ನೆನಪಿದ್ದಷ್ಟು ಪಲ್ಲವಿಯನ್ನು ಒತ್ತಿದಳು. ಷಡ್ಜ ತೆರೆದು ಮುಚ್ಚಿತು. ರಿಷಭ ತೆರೆದು ಮುಚ್ಚಿತು. ಅವುಗಳ ಹಿಂದೆ, ನಡುವೆ, ಮೇಲೆ ಗಾಂಧಾರ ಕೂಗುತ್ತಲೇ ಇತ್ತು. ಕಿವಿಯೊಳಗೆ ಮೊಳೆ ಹೊಡೆದಂತಾಯಿತು.

ಆ ಶನಿವಾರ ಅವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪಲ್ಲವಿ ಪೂರ್ತಿ ಕೇಳಿತ್ತು. ಒಂದೊಂದು ಸ್ವರವೂ ನೀಟಾಗಿ ಬಿಚ್ಚಿ, ನೀಟಾಗಿ ಮುಚ್ಚಿಕೊಂಡಿತ್ತು. ಇಡೀ ಊರೇ ಅದನ್ನು ಕೇಳಿತ್ತು. ಗಣೇಶಮೂರ್ತಿ ಹಾಡು ಮುಗಿಸಿ, ಆಮೇಲೆ ಕಾಲು ಜಾರಿ ಬಿದ್ದ ಎಂದು ಎಲ್ಲರೂ ಹೇಳಿದ್ದು ಅದರ ಆಧಾರದ ಮೇಲೆಯೇ.

ಅವತ್ತು ಹಾಡಿದ್ದು ಈ ಸೈರನ್ ಅಲ್ಲ.

"ಸಾಕು! ನಿಲ್ಸಿ!" ಅವಳು ಏಣಿಯ ಬಾಯಿಗೆ ಬಗ್ಗಿ ಕಿರುಚಿದಳು. ಸ್ವಿಚ್ಚು ಆರಿದ ಮೇಲೂ ಉರುಳೆಗಳು ಸುಮಾರು ಹೊತ್ತು ತಿರುಗಿ, ಸ್ವರ ಜಗ್ಗಿ ಜಗ್ಗಿ ಕೆಳಗಿಳಿದು ಸತ್ತಿತು.

"ಕೇಳಿಸ್ತಾ ವಕೀಲರೇ?"

"ಕೇಳಿಸ್ತು. ನಿಮ್ಮ ಅನುಮಾನ ನಿಜ. ಆ ದಿನ ಯಾರೋ ಕ್ಯಾಸೆಟ್ ಹಾಕಿದಾರೆ. ಅಲ್ಲಿ ಎಲ್ಲಾದ್ರೂ ಮೈಕಿನ ಹಾರ್ನ್ ಕಟ್ಟಿದ ಗುರ್ತು ಇದ್ಯಾ ನೋಡಿ."

ಅವಳು ಒಂದು ಕೈಯಲ್ಲಿ ಯಂತ್ರದ ಕಾಲು ಹಿಡಿದುಕೊಂಡೇ ಕಟಾಂಜನವನ್ನು ನೋಡುತ್ತ ಹೋದಳು. ಎಲ್ಲ ಕಡೆ ಕೆಂಪು ತುಕ್ಕು. ಪೇಟೆಯ ಕಡೆಗಿನ ಮೂಲೆಯಲ್ಲಿ ಮಾತ್ರ ಎರಡು ಕಡೆ ತುಕ್ಕು ಉಜ್ಜಿಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಒಂದರಲ್ಲಿ ತಿರುಚಿದ ತಂತಿಯ ತುಣುಕು ಇನ್ನೂ ಸಿಕ್ಕಿಕೊಂಡಿತ್ತು.

"ಇದೆ! ತಂತಿ ಬಿಗಿದ ಗುರ್ತು ಇದೆ!"

"ಹಾಗಾದ್ರೆ ವೈರ್ ಮಿಲ್ಲಿನ ಆಫೀಸ್ ಕೋಣೆಗೇ ಇಳಿದಿರ್ಬೇಕು. ನಾನು ಹೋಗಿ ನೋಡ್ತೀನಿ. ನೀವು ಒಬ್ರೇ ಇಳೀಬೇಡಿ, ಬಂದು ಕೈ ಹಿಡೀತೀನಿ."

ಅವರ ಚಪ್ಪಲಿಯ ಸದ್ದು ದೂರವಾಯಿತು. ಸರೋಜ ಯಂತ್ರಕ್ಕೆ ಬೆನ್ನು ಕೊಟ್ಟು ಕೂತಳು. ಈ ವಕೀಲರಿಲ್ಲದಿದ್ದರೆ ತಾನು ಇಷ್ಟು ದೂರ ಬರುತ್ತಿರಲಿಲ್ಲ ಅನ್ನಿಸಿತು. ತೀರ್ಥಹಳ್ಳಿಯಿಂದ ತಾವಾಗಿಯೇ ಮನೆಗೆ ಬಂದಿದ್ದರು. "ನಿಮ್ಮಣ್ಣನ ಹೆಸರು ಕೇಳಿದ್ದೆ, ಮುಖ ನೋಡಿರ್ಲಿಲ್ಲ. ಸೈರನ್ ಅಂದ್ರೆ ನನಗೂ ಹುಚ್ಚು. ಈ ಸಾವು ಸರಿ ಕಾಣ್ತಿಲ್ಲ," ಎಂದಿದ್ದರು.

ಯಾರ ಹತ್ತಿರ ಹಾರ್ನ್ ಇರುತ್ತದೆ? ಯಾರ ಹತ್ತಿರ ಅಣ್ಣನ ಹಾಡಿನ ಕ್ಯಾಸೆಟ್ ಇರುತ್ತದೆ? ಉತ್ತರ ಒಂದೇ. ಹೊಸನಗರದ ಹೇರಂಬ. ಮದುವೆ, ನಾಟಕಗಳಿಗೆ ಮೈಕು ಕಟ್ಟುವವನು, ಅಣ್ಣನ ಜೀವದ ಗೆಳೆಯ. ಹೆಣದ ಮುಂದೆ ಎಲ್ಲರಿಗಿಂತ ಜೋರಾಗಿ ಅತ್ತವನು.

ಆಗ ಅವಳಿಗೆ ಇನ್ನೊಂದು ಹೊಳೆಯಿತು.

ಈಗ ಕೂಗಿದ ಗಾಂಧಾರ ತನಗೂ ವಕೀಲರಿಗೂ ಮಾತ್ರ ಕೇಳಿದ್ದಲ್ಲ. ಇಡೀ ಸಾಗರಕ್ಕೆ ಕೇಳಿದೆ. ಉಳಿದವರಿಗೆ ಅದು ಬರೀ ಕೂಗು. ಅಣ್ಣನನ್ನು ಕೊಂದವನಿಗೆ ಮಾತ್ರ ಅದರ ಅರ್ಥ ಗೊತ್ತು. ಯಾರೋ ಗೋಪುರ ಹತ್ತಿದ್ದಾರೆ, ಯಾರಿಗೋ ತಿಳಿದುಹೋಗಿದೆ ಎಂದು ತಾನೇ ಅವನಿಗೆ ಕೂಗಿ ಹೇಳಿದಂತಾಗಿತ್ತು.

ಏಣಿ ಅಲುಗಿತು.

"ವಕೀಲರೇ?"

ಭಾರವಾದ ಹೆಜ್ಜೆಗಳು ಒಂದರ ಮೇಲೊಂದು ಮೇಲೇರುತ್ತಿದ್ದವು. ವಕೀಲರದು ಸಣಕಲು ಮೈ. ಇವು ಅವರ ಹೆಜ್ಜೆಗಳಲ್ಲ. ಅವಳು ಸುತ್ತ ನೋಡಿದಳು. ಇದ್ದದ್ದು ಒಂದೇ ದಾರಿ. ಆ ದಾರಿಯಲ್ಲೇ ಯಾರೋ ಬರುತ್ತಿದ್ದರು.

ಏಣಿಯ ಬಾಯಲ್ಲಿ ಮೊದಲು ಗುಂಗುರು ಕೂದಲು ಕಂಡಿತು. ಆಮೇಲೆ ಬೆವರು ಸುರಿಯುವ ಅಗಲ ಮುಖ.

ಹೇರಂಬ!

"ಎಂತ ಸರೋಜಕ್ಕ, ನೀವಾ?" ಅವನು ಏದುಸಿರು ಬಿಡುತ್ತ ಕಟ್ಟೆಗೆ ಹತ್ತಿದ. "ಇಲ್ಲೇ ಪೇಟೇಲಿ ಮದ್ವೆ ಮನೆಗೆ ಮೈಕ್ ಕಟ್ತಿದ್ದೆ. ಗಾಂಧಾರ ಕೂಗಿದ್ದು ಕೇಳ್ತು. ಬಿಟ್ಟು ಓಡಿ ಬಂದೆ."

ಕೂಗಿದ್ದು ಗಾಂಧಾರ ಎಂದು ಅವನಿಗೆ ಗೊತ್ತು.

"ಕೆಳಗೆ... ವಕೀಲರು ಇದ್ರಲ್ಲ?"

"ಯಾರೂ ಇಲ್ಲ. ಬಾಗ್ಲು ತೆಗ್ದೇ ಇತ್ತು." ಅವನ ಕಣ್ಣು ಅವಳನ್ನು ದಾಟಿ ನೇರ ಕಟಾಂಜನದ ಆ ಮೂಲೆಗೆ ಹೋಯಿತು. ಉಜ್ಜಿದ ಗುರುತಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಅವಳ ಮುಖಕ್ಕೆ ಬಂತು.

ಸುಮ್ಮನಿದ್ದುಬಿಡು ಎಂದು ಮನಸ್ಸು ಹೇಳಿತು. ಬಾಯಿ ಕೇಳಲಿಲ್ಲ.

"ಅಲ್ಲಿ ಹಾರ್ನ್ ಕಟ್ಟಿದ್ದು ನೀವೇ ಅಲ್ವಾ ಹೇರಂಬಣ್ಣ?"

ಹೇರಂಬ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಿಧಾನವಾಗಿ ಒರೆಸಿಕೊಂಡ.

"ಹೌದು. ನಾನೇ."

"ಅಣ್ಣಯ್ಯ ಅಷ್ಟೊತ್ತಿಗೆ ಸತ್ತಿದ್ದ. ಬದ್ಕಿದಾನೆ ಅಂತ ಊರನ್ನ ನಂಬ್ಸೋಕೆ..."

"ಅಯ್ಯೋ, ಎಂತ ಹೇಳ್ತಿದೀರಾ!" ಅವನ ದನಿ ಒಡೆಯಿತು. "ಹಾರ್ನ್ ಕಟ್ಟು ಅಂದೋನೇ ಅವ್ನು!"

"ಸುಳ್ಳು. ಅಣ್ಣಯ್ಯ ಕ್ಯಾಸೆಟ್ ಹಾಕಿ ಮೋಸ ಮಾಡೋನಲ್ಲ."

"ಅಲ್ಲ. ಅದ್ಕೇ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು." ಹೇರಂಬ ಕುಸಿದು ಕೂತ. "ಎರಡನೇ ಶನಿವಾರ ಅಲ್ದಿದ್ರೂ ಅವತ್ತು ಬೆಂಗಳೂರಿಂದ ಇಬ್ರು ಬರೋರಿದ್ರು. ನಮ್ಮ ಹಾಗೇ ಹುಚ್ಚರು. ಹಳೇ ಸೈರನ್ ಎಲ್ಲಿದೆ ಅಂದ್ರೆ ಅಲ್ಲಿಗೆ ಹೋಗಿ ಕೇಳಿ ಬರೋ ಪೈಕಿ. ಹಿಂದಿನ ಸಂಜೆ ನೋಡಿದ್ರೆ ಸ್ಪ್ರಿಂಗ್ ಹೋಗಿದೆ. ಅಷ್ಟು ದೂರದಿಂದ ಬಂದೋರಿಗೆ ಎಂತ ಹೇಳೋದು? ನನ್ನ ಹತ್ರ ಹೋದ ತಿಂಗಳು ತುಂಬಿಕೊಂಡ ಕ್ಯಾಸೆಟ್ ಇತ್ತು. ಒಂದೇ ಸಲ ಹೇರಂಬ, ಒಂದೇ ಸಲ, ಅಂದ. ಕಡೆಗೆ ಅವರ ಬಸ್ಸು ಎಲ್ಲೋ ಕೆಟ್ಟು ನಿಂತು ಅವರು ಬರ್ಲೇ ಇಲ್ಲ."

ಸರೋಜಳಿಗೆ ಹಿಂದಿನ ಸಂಜೆ ಅಣ್ಣ ಊಟ ಬಿಟ್ಟು ಎದ್ದದ್ದು ನೆನಪಾಯಿತು.

"ನಾನು ಕೆಳಗೆ ಆಫೀಸ್ ಕೋಣೇಲಿ ಕ್ಯಾಸೆಟ್ ಹಾಕ್ದೆ. ಕಿಟ್ಕಿಯಿಂದ ಕಾಣ್ತಿದ್ದ ಅವ್ನು. ಮೇಲೆ ನಿಂತು ಬಾರಿಸೋ ಹಾಗೆ ಕೈ ಆಡಿಸ್ತಿದ್ದ. ಹಾಡು ಮುಗೀತು. ನಾನು ಹೊರಗೆ ಬರೋ ಹೊತ್ತಿಗೆ..." ಅವನು ಟವೆಲ್ಲನ್ನು ಬಾಯಿಗೊತ್ತಿಕೊಂಡ.

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಪೊಲೀಸರು ಬರೋ ಮೊದ್ಲೇ ಹಾರ್ನ್ ಬಿಚ್ಚಿಬಿಟ್ಟಿದ್ದೆ. ಹಾರ್ನ್ ನಂದು. ಕ್ಯಾಸೆಟ್ ನಂದು. ಮಿಲ್ಲೊಳಗೆ ಇದ್ದೋನು ನಾನು. ಯಾರು ನಂಬ್ತಾರೆ? ಇಷ್ಟು ವರ್ಷ ನನ್ನ ನೋಡಿದ ನೀವೇ ನಂಬ್ತಿಲ್ಲ."

ಮಾತಿನಲ್ಲಿ ನೋವಿತ್ತು. ನಟಿಸುವವನಿಗೂ ಅಷ್ಟು ನೋವು ಬರಬಹುದು. ಸರೋಜ ಚೀಲದಿಂದ ಸ್ಪ್ರಿಂಗ್ ತೆಗೆದು, ಹತ್ತಿರ ಹೋಗದೆ, ಅವನತ್ತ ಎಸೆದಳು.

ಹೇರಂಬ ಅದನ್ನು ಬಿಸಿಲಿಗೆ ಹಿಡಿದ. ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಅವನ ಹುಬ್ಬು ಗಂಟಿಕ್ಕಿತು.

"ಸರೋಜಕ್ಕ, ಇದು ಮುರಿದಿದ್ದಲ್ಲ."

"ಮತ್ತೆ?"

"ತಾನಾಗಿ ಮುರಿದ್ರೆ ತುದಿ ಸೀಳಿ ಚೂಪಾಗಿರ್ತದೆ. ಇಲ್ನೋಡಿ, ಚಪ್ಪಟೆಯಾಗಿ ಹೊಳೀತಿದೆ. ಇಕ್ಕಳದಲ್ಲಿ ಕತ್ತರಿಸಿದ್ದು. ಬೇಕಂತಲೇ ಕೆಡಿಸಿದಾರೆ."

ಅಷ್ಟು ದಿನ ಅವಳ ಮೇಜಿನ ಮೇಲೆ ಬಿದ್ದಿದ್ದ ವಸ್ತು. ದಿನಾ ನೋಡಿದ್ದಳು. ಕಂಡಿರಲಿಲ್ಲ.

"ಇನ್ನೊಂದು ಹೇಳ್ಬೇಕು," ಹೇರಂಬ ದನಿ ತಗ್ಗಿಸಿದ. "ಅವತ್ತು ಮಿಲ್ಲಲ್ಲಿ ನಾವಿಬ್ರೇ ಇರ್ಲಿಲ್ಲ. ಕ್ಯಾಸೆಟ್ ಹಾಕೋ ಮೊದ್ಲು ಈ ಗೋಪುರದ ಬಾಗ್ಲಿಂದ ಒಬ್ರು ಹೊರಗೆ ಬಂದ್ರು. ಹಾಗೇ ಹೋದ್ರೋ, ಮತ್ತೆ ಒಳಗೆ ಹೊಕ್ಕಿದ್ರೋ, ನಾನು ನೋಡ್ಲಿಲ್ಲ. ಬಿಳೀ ಅಂಗಿ, ದಪ್ಪ ಕನ್ನಡಕ, ಸಣಕಲು ಮೈ. ಕಂಕುಳಲ್ಲಿ ಚರ್ಮದ ಚೀಲ."

"ಯಾರು?"

"ಅವತ್ತು ಗೊತ್ತಿರ್ಲಿಲ್ಲ. ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟ್ಲಲ್ಲಿ ನೋಡ್ದೆ. ನಿಮ್ಮ ಎದುರೇ ಕೂತು ಕಾಫಿ ಕುಡೀತಿದ್ರು."

ಮುಖ ನೋಡಿರ್ಲಿಲ್ಲ ಎಂದಿದ್ದರು. ತಾವಾಗಿಯೇ ಬಂದಿದ್ದರು. ಏಣಿ ಹತ್ತಿಸಿದ್ದು ಅವರೇ. ಒಬ್ರೇ ಇಳೀಬೇಡಿ ಎಂದದ್ದೂ ಅವರೇ.

ಇಲ್ಲ, ಇವನು ಹೇಳುವುದೇ ಸುಳ್ಳಿರಬಹುದು. ಯಾರನ್ನು ನಂಬುವುದು? ಅವಳು ತಲೆ ಎತ್ತುವಷ್ಟರಲ್ಲಿ ಕಾಲಕೆಳಗೆ ಕಟ್ಟೆ ನಡುಗಿತು.

ಯಾರೋ ಸ್ವಿಚ್ಚು ಹಾಕಿದ್ದರು.

ಉರುಳೆಗಳು ಮೆಲ್ಲಗೆ ಹೊರಳಿ, ವೇಗ ಹಿಡಿದು, ಗಾಂಧಾರ ನರಳುತ್ತ ಮೇಲೆದ್ದಿತು. ಕಿವಿ ಮುಚ್ಚಿಕೊಂಡರೂ ತಲೆಬುರುಡೆಯೊಳಗೇ ಕೂಗಿದಂತಿತ್ತು. ಈಗ ಯಾರು ಯಾರನ್ನು ಏನು ಮಾಡಿದರೂ, ಎಷ್ಟು ಕಿರುಚಿದರೂ, ಕೆಳಗೆ ಒಬ್ಬರಿಗೂ ಕೇಳುವುದಿಲ್ಲ.

ಹೇರಂಬ ಎದ್ದು ನಿಂತಿದ್ದ. ಅವನ ತುಟಿಗಳು ಆಡುತ್ತಿದ್ದವು. ಒಂದು ಮಾತೂ ಕೇಳುತ್ತಿರಲಿಲ್ಲ. ಕೈ ಮುಂದೆ ಚಾಚಿಕೊಂಡು ಅವಳತ್ತ ಬಂದ. ಹಿಡಿಯಲೋ, ತಳ್ಳಲೋ? ಹಿಂದೆ ಸರಿದ ಅವಳ ಸೊಂಟಕ್ಕೆ ಕಟಾಂಜನ ತಾಗಿತು. ಬೆನ್ನಿನ ಹಿಂದೆ ಇದ್ದದ್ದು ಬರೀ ಗಾಳಿ.

ಅವಳು ಅವನ ತೋಳಿನಡಿ ನುಸುಳಿ ಯಂತ್ರದ ಮೇಲೆ ಬಿದ್ದಳು. ಎರಡೂ ಮೊಣಕೈಗಳಿಂದ, ಎದೆಯ ಭಾರವನ್ನೆಲ್ಲ ಹಾಕಿ, ಕೀಲಿಗಳನ್ನೆಲ್ಲ ಒಟ್ಟಿಗೆ ಒತ್ತಿದಳು. ಎಂಟೂ ಮುಚ್ಚಳಗಳು ಬಾಯ್ದೆರೆದವು. ಅದು ಹಾಡಾಗಿರಲಿಲ್ಲ, ಎಂಟು ಗಂಟಲುಗಳ ಚೀತ್ಕಾರ. ಯಾರಾದರೂ ಬರಲಿ, ಯಾರಾದರೂ ನೋಡಲಿ!

ನೋಡಿದರು. ರೈಲ್ವೆ ಗೇಟಿನ ಹತ್ತಿರ ಸೈಕಲ್ಲುಗಳು ನಿಂತವು. ಮನೆಗಳಿಂದ ಜನ ಹೊರಬಂದರು. ಹಣೆಗೆ ಕೈ ಅಡ್ಡ ಹಿಡಿದು ಗೋಪುರದತ್ತ ಮುಖ ಮಾಡಿದರು. ಒಬ್ಬ ಕೈ ಬೀಸಿದ. ಆಮೇಲೆ ಎಲ್ಲರೂ ಬೀಸತೊಡಗಿದರು. ಗಣೇಶಮೂರ್ತಿಯ ತಂಗಿ ಮತ್ತೆ ಸೈರನ್ ಶುರುಮಾಡಿದಳು ಎಂದು ಅವರಿಗೆ ಖುಷಿಯಾಗಿತ್ತು. ಕೆಲವರು ಚಪ್ಪಾಳೆ ತಟ್ಟುವುದೂ ಕಾಣಿಸಿತು.

ಯಾರೂ ಬರುವುದಿಲ್ಲ. ಅವಳಿಗೆ ಅಳು ಉಕ್ಕಿತು.

ಹೇರಂಬ ಅವಳನ್ನು ಮುಟ್ಟಿರಲಿಲ್ಲ. ಅವನು ಅಲ್ಲೇ ನಿಂತು ಏಣಿಯ ಬಾಯಿಯತ್ತ ಬೆರಳು ತೋರಿಸುತ್ತಿದ್ದ. ಸರೋಜ ತಿರುಗಿದಳು.

ಶಂಕರನಾರಾಯಣರ ತಲೆ ಮೇಲೆ ಬರುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಮುಖ ಬಿಳಿಚಿಕೊಂಡಿತ್ತು. ಅವರು ಮಂಡಿಯೂರಿ ಕಟ್ಟೆ ಹತ್ತಿ, ಹೇರಂಬನನ್ನು ನೋಡಿ ಸ್ತಬ್ಧರಾದರು. ಅವರ ಬಾಯಿಯೂ ಏನೋ ಹೇಳಿತು. ಕೇಳಲಿಲ್ಲ.

ಅಷ್ಟರಲ್ಲಿ ಎಂಟೂ ಸ್ವರಗಳು ಒಮ್ಮೆಲೇ ಜಗ್ಗಿದವು.

ಸರೋಜ ಕೀಲಿಗಳಿಂದ ಮೈ ಎತ್ತಿದಳು. ಉಳಿದ ಗಾಂಧಾರ ಇಳಿಯುತ್ತ ಇಳಿಯುತ್ತ, ನರಳುತ್ತ, ಸಾಯತೊಡಗಿತು. ಕೆಳಗೆ ಯಾರೋ ಸ್ವಿಚ್ಚು ಆರಿಸಿದ್ದರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೂವರೂ ಮೇಲಿದ್ದರು.

"ಸ್ವಿಚ್ಚು ಹಾಕಿದ್ದು ನೀವಲ್ವಾ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ನಾನು ಏಣಿ ಅರ್ಧ ಹತ್ತಿದ್ದೆ. ಮೋಟಾರ್ ಶುರುವಾಯ್ತು. ಆಫೀಸ್ ಕೋಣೇಲಿ ಯಾರೋ ಬಿಟ್ಟ ವೈರ್ ನೋಡಿ ನಿಮಗೆ ಹೇಳೋಣ ಅಂತ ಬರ್ತಿದ್ದೆ." ಅವರು ಹೇರಂಬನತ್ತ ನೋಡಿದರು, ಆಮೇಲೆ ಅವಳತ್ತ. "ಆ ದಿನ ಇವರು ನನ್ನ ನೋಡಿದ್ರು, ನಿಮಗೆ ಹೇಳಿರ್ಬೇಕು. ಹೌದು, ಸುಳ್ಳು ಹೇಳಿದ್ದೆ. ಆ ದಿನ ಬಂದಿದ್ದೆ. ನಿಮ್ಮಣ್ಣನೇ ಕರ್ಸಿದ್ರು. ಯಾರೋ ತನ್ನನ್ನ ಈ ಮಿಲ್ಲಿಂದ ಓಡ್ಸೋಕೆ ನೋಡ್ತಿದಾರೆ, ಕಾನೂನು ಏನು ಹೇಳ್ತದೆ ಅಂತ ಕೇಳಿದ್ರು. ನಾನು ಇಳಿಯುವಾಗ ಅವರಿಗೆ ಜೀವ ಇತ್ತು."

"ಯಾರು ಓಡ್ಸೋಕೆ ನೋಡ್ತಿದ್ದಿದ್ದು?"

"ಹೆಸ್ರು ಹೇಳ್ಲಿಲ್ಲ. ಹೇಳಿದ್ರೆ ಮನೆ ಒಡೀತದೆ ಅಂದ್ರು."

ಮನೆ? ಯಾರ ಮನೆ? ಅವಳು ಕೇಳಬೇಕೆಂದಿದ್ದಳು. ಕೇಳಲಾಗಲಿಲ್ಲ. ಗೋಪುರದ ಬುಡದಲ್ಲಿ ಕಬ್ಬಿಣದ ಬಾಗಿಲು ಕಿರುಗುಟ್ಟಿ, ಧಡ್ ಎಂದು ಮುಚ್ಚಿಕೊಂಡಿತು. ಅದರ ಹಿಂದೆಯೇ ಹೊರಗಿನಿಂದ ಅಗಳಿ ಬಿದ್ದ ಸದ್ದು ಒಳಗೋಡೆಗಳನ್ನು ಸವರಿಕೊಂಡು ಮೇಲಕ್ಕೆ ಬಂತು.

ಸರೋಜ ತೆವಳಿಕೊಂಡು ಅಂಚಿಗೆ ಹೋದಳು. ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದು, ಜೀವ ಬಾಯಿಗೆ ಬಂದರೂ, ಕೆಳಗೆ ನೋಡಿದಳು. ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಮಿಲ್ಲಿನ ಗೋಡೆಯ ಮೂಲೆಯಲ್ಲಿ ಒಂದು ನೆರಳು ಉದ್ದಕ್ಕೆ ಬಿದ್ದಿತ್ತು. ಗಂಡಸೋ ಹೆಂಗಸೋ ತಿಳಿಯಲಿಲ್ಲ. ಅದು ಓಡುತ್ತಿರಲಿಲ್ಲ. ನಿಂತು ಕಾಯುತ್ತಿತ್ತು.

ಅವಳ ಹಿಂದೆ ಹೇರಂಬನ ಹಲ್ಲುಗಳು ಕಟಕಟಿಸುತ್ತಿದ್ದವು.

"ಒಂದು ಮಾತು ಮುಚ್ಚಿಟ್ಟೆ ಸರೋಜಕ್ಕ," ಎಂದ. "ಅವತ್ತು ಹಾಡು ಮುಗಿದ ಕೂಡ್ಲೇ ನಾನು ಹೊರಗೆ ಬರ್ಲಿಲ್ಲ. ಬರೋಕಾಗ್ಲಿಲ್ಲ. ಆಫೀಸ್ ಕೋಣೆಗೆ ಹೀಗೇ ಹೊರಗಿಂದ ಅಗಳಿ ಬಿತ್ತು. ಆಮೇಲೇ ಅವ್ನು ಬಿದ್ದಿದ್ದು."